ಇಲ್ಲದ ಗುಡ್ಡಕ್ಕೆ ಕೂಗು

"ನಾಲ್ಕು ಸೆಕೆಂಡು ಎಂತಾ ಮಾಡ್ತಿದ್ದೆ ನೀನು?"

"ಹೊರಗೆ ನೋಡ್ದೆ ಅಪ್ಪಾ."

"ಮತ್ತೆ? ನೋಡೂಕೆ ಬೇಡ್ವೇ?"

ದೀಕ್ಷಾ ಹಣೆಗೆ ಕೈ ಹಚ್ಚಿಕೊಂಡಳು. ಶೆಟಗೇರಿಯ ಮನೆಗೆ ಬಂದು ಒಂದು ದಿನ ಕಳೆದಿರಲಿಲ್ಲ, ಈ ಮಾತು ಆರನೇ ಸಲ ಬಂದಿತ್ತು.

ವಿಮಾನದಲ್ಲಿ ಸಹಪೈಲಟ್ ಆಗಿ ಅವಳಿಗೆ ನಾಲ್ಕು ವರ್ಷ. ಆರು ತಿಂಗಳಿಗೊಮ್ಮೆ ಪರೀಕ್ಷೆ. ಕಾಕ್‌ಪಿಟ್‌ನಂತೆಯೇ ಕಟ್ಟಿದ ಕೋಣೆಯಲ್ಲಿ ಕೂರಿಸಿ, ಇಲ್ಲದ ಆಕಾಶ ತೋರಿಸಿ, ಬರಬಾರದ ಕಷ್ಟಗಳನ್ನೆಲ್ಲ ಕೊಡುತ್ತಾರೆ. ಈ ಸಲ ಮೋಡದೊಳಗೆ ಇಳಿಯುತ್ತಿದ್ದಳು. ಮೋಡ ಒಂದು ಕಡೆ ಹರಿದು ಕೆಳಗೆ ದೀಪಗಳು ಕಂಡಂತಾಯಿತು. ಅದೇ ಹೊತ್ತಿಗೆ ಯಂತ್ರ ಕೂಗಿತು: "ಟೆರೇನ್, ಟೆರೇನ್! ಪುಲ್ ಅಪ್!" ಎದುರಿಗೆ ನೆಲ ಇದೆ, ಮೇಲೇಳು ಎಂದು ಅರ್ಥ. ಮೋಡದಲ್ಲಿ ಆ ದನಿ ಬಂದರೆ ಯೋಚಿಸುವ ಹಕ್ಕಿಲ್ಲ. ಮೂತಿ ಎತ್ತಬೇಕು, ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡಬೇಕು. ಯಾಕೆ ಏನು ಎಂಬುದೆಲ್ಲ ಮೇಲೆ ಹೋದ ಮೇಲೆ. ದೀಕ್ಷಾ ನಾಲ್ಕು ಸೆಕೆಂಡು ಕತ್ತು ಚಾಚಿ ಗಾಜಿನಾಚೆ ನೋಡಿದಳು. ನೋಡುತ್ತಿರುವಾಗಲೇ ಗುಡ್ಡ ಬಂತು, ಪರದೆ ಕೆಂಪಾಗಿ ನಿಂತಿತು.

ಸೋಮವಾರ ಇನ್ನೊಂದು ಅವಕಾಶ. ಅದೂ ಹೋದರೆ ಕೆಲಸ ಉಳಿಯುವ ಭರವಸೆ ಇರಲಿಲ್ಲ.

ಆ ಕತ್ತು ಎಲ್ಲಿಂದ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಶಾಂತಾರಾಮ ನಾಯಕರು ಮೂವತ್ತೊಂದು ವರ್ಷ ಅಂಕೋಲೆಯಿಂದ ಯಲ್ಲಾಪುರಕ್ಕೆ ಘಟ್ಟ ಹತ್ತಿಸಿ ಬಸ್ಸು ಬಿಟ್ಟವರು. ಕಂಡಕ್ಟರ್ ಎಷ್ಟೇ ಸೀಟಿ ಊದಲಿ, ಕನ್ನಡಿ ನೋಡದೆ ಗೇರು ಹಾಕಿದವರಲ್ಲ. ಮಗಳಿಗೆ ಸೈಕಲ್ಲು ಕಲಿಸುವಾಗಲೂ ಅದೇ ಪಾಠ: ಯಾರು ಏನೇ ಕೂಗಲಿ, ಮೊದಲು ನಿನ್ನ ಕಣ್ಣಿಂದ ನೋಡು.

ಈಗ ಅವರನ್ನೇ ಅಭ್ಯಾಸಕ್ಕೆ ಹಿಡಿದದ್ದು ದೀಕ್ಷಾಳ ಗ್ರಹಚಾರ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡಳು. ಬಲಗೈಗೆ ಮೂತಿ ಎತ್ತುವ ಹಿಡಿಯಾಗಿ ಲಟ್ಟಣಿಗೆ, ಎಡಗೈಯ ಕೆಳಗೆ ಎಂಜಿನ್ನಿನ ಹಿಡಿಯಾಗಿ ಅವಲಕ್ಕಿ ಡಬ್ಬಿ. ಅಪ್ಪ ಯಾವಾಗಲಾದರೂ ಇದ್ದಕ್ಕಿದ್ದಂತೆ "ಪುಲ್ ಅಪ್" ಎನ್ನಬೇಕು. ಅವಳು ಲಟ್ಟಣಿಗೆ ಹಿಂದಕ್ಕೆಳೆದು ಡಬ್ಬಿ ಮುಂದಕ್ಕೆ ತಳ್ಳಬೇಕು. ಇಷ್ಟೇ.

ಅಪ್ಪ ಹತ್ತು ನಿಮಿಷ ಸುಮ್ಮನೆ ನಿಂತರು.

"ಕೂಗು ಅಪ್ಪಾ!"

"ಎದುರಿಗೆ ಎಂತದೂ ಇಲ್ವಲೇ ಮಾರಾಯ್ತಿ. ಇಲ್ದಿದ್ದ ಗುಡ್ಡಕ್ಕೆ ಕೂಗೂದು ಹ್ಯಾಂಗೆ?"

ಕೊನೆಗೆ ಒಂದು ಕೂಗು ಬಂತು. ಅಂಗಳದಲ್ಲಿ ಪಕ್ಕದ ಮನೆಯ ಬೇಬಿಯಕ್ಕನ ಎಮ್ಮೆ ನಿಂತಿತ್ತು. ದೀಕ್ಷಾ ತಿರುಗಿ ಎಮ್ಮೆ ನೋಡಿದಳು, ಆಮೇಲೆ ಲಟ್ಟಣಿಗೆ ಎಳೆದಳು.

"ಎಮ್ಮೆ ನಿಜವಾಗ್ಲೂ ಇತ್ತೋ ಇಲ್ವೋ?" ಎಂದರು ಅಪ್ಪ, ಗೆದ್ದವರಂತೆ.

"ಇರಬಾರದು ಅಪ್ಪಾ! ಇದ್ದರೆ ನಾನು ನೋಡ್ತೆ. ನೋಡೂದನ್ನ ಬಿಡಿಸೂಕೇ ನಿನ್ನ ನಿಲ್ಸಿದ್ದು!"

"ಪೈಲಟರೇ, ಚಪಾತಿಗೆ ಹೊತ್ತಾಯ್ತು. ವಿಮಾನ ಕೊಡಿ ಇಲ್ಲಿ," ಎಂದು ಅಮ್ಮ ಹೀರಾ ಮಗಳ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಹೋದಳು.

ಎರಡು ದಿನ ಹೀಗೇ ನಡೆಯಿತು. ಅಪ್ಪ ಬಾಗಿಲ ಹೊಸ್ತಿಲಿಗೆ ಕೂಗಿದರು, ಬಾವಿಯ ಬಳಿಯ ಪಾಚಿಗೆ ಕೂಗಿದರು, ಒಂದು ಸಲ ಮೀನು ಮಾರುವವಳ ಬುಟ್ಟಿಗೆ ಕೂಗಿದರು. ಎಲ್ಲವೂ ಇದ್ದವು, ದೀಕ್ಷಾ ಎಲ್ಲವನ್ನೂ ನೋಡಿದಳು. ಶನಿವಾರ ಸಂಜೆ ಅವಳ ತಾಳ್ಮೆ ಮುಗಿಯಿತು.

"ನಿನ್ನ ಬಸ್ಸಿಗೆ ಬ್ರೇಕ್ ಇತ್ತು. ಸಂಶಯ ಬಂದ್ರೆ ನಿಲ್ಸಿ, ಇಳಿದು ನೋಡಿ ಬರ್ತಿದ್ದೆ. ನಂಗೆ ನಿಲ್ಸೂಕೆ ಬರೂದಿಲ್ಲ ಅಪ್ಪಾ. ಸುಳ್ಳು ಕೂಗಿಗೆ ಮೇಲೆದ್ರೆ ಇನ್ನೊಂದ್ಸಲ ಇಳಿಬಹುದು. ಖರೇ ಕೂಗಿಗೆ ನೋಡ್ತಾ ಕೂತ್ರೆ ಹಿಂದೆ ಕೂತ ನೂರೆಂಬತ್ತು ಜನಕ್ಕೆ ಎಂತಾ ಹೇಳ್ಲಿ?"

ಶಾಂತಾರಾಮರು ಎದ್ದು ಅಂಗಳಕ್ಕೆ ಇಳಿದರು. ಮರುದಿನ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಕಾರವಾರ ಸ್ಟೇಷನ್ನಿಗೆ ಬಿಡಲು ಬಂದಾಗ ಅರ್ಗಾ ದಾಟುವವರೆಗೆ ಕಿಟಕಿಯಾಚೆಯ ನೌಕಾನೆಲೆಯ ಗೋಡೆಯನ್ನೇ ನೋಡುತ್ತ ಕೂತಿದ್ದರು.

ಪ್ಲಾಟ್‌ಫಾರಂನಲ್ಲಿ ಬೆಂಗಳೂರಿನ ರೈಲಿಗೆ ಜನ ತುಂಬಿದ್ದರು. ದೀಕ್ಷಾ ಬಲಗೈಯಲ್ಲಿ ಚಹಾ, ಎಡಗೈಯಲ್ಲಿ ಸೂಟ್‌ಕೇಸಿನ ಹಿಡಿ ಹಿಡಿದು ನಿಂತಿದ್ದಳು.

"ಪುಲ್ ಅಪ್!"

ಘಟ್ಟದ ತಿರುವಿಗೆ ಕೇಳುವಂಥ ಗಂಟಲು. ಎರಡೂ ಕೈಗಳು ಅವಳನ್ನು ಕೇಳದೆ ಹೊರಟವು. ಚಹಾ ಎದೆಯ ಮೇಲೆ ಬಿತ್ತು, ಸೂಟ್‌ಕೇಸು ಮುಂದೆ ಓಡಿ ಯಾರದೋ ಕಾಲಿಗೆ ಬಡಿಯಿತು. ಪ್ಲಾಟ್‌ಫಾರಂ ಪೂರ್ತಿ ಇತ್ತ ತಿರುಗಿತು.

ಶಾಂತಾರಾಮರು ಕದ್ದು ಸಿಕ್ಕಿಬಿದ್ದವರಂತೆ ನಿಂತಿದ್ದರು. "ಎದುರಿಗೆ ಎಂತದೂ ಇರ್ಲಿಲ್ಲ," ಎಂದರು ಮೆಲ್ಲಗೆ.

ಬಿಸಿ ಚಹಾದಲ್ಲಿ ತೊಯ್ದ ಕುರ್ತಾ ಚರ್ಮಕ್ಕೆ ಅಂಟಿಕೊಂಡು ಉರಿಯುತ್ತಿತ್ತು. "ಇನ್ನೊಂದ್ಸಲ ಕೂಗು," ಎಂದಳು ದೀಕ್ಷಾ.

ರೈಲು ಬರುವಷ್ಟರಲ್ಲಿ ಹನ್ನೊಂದು ಸಲ ಕೂಗಿದರು. ಪೊಲೀಸಿನವನೊಬ್ಬ ಬಂದು ವಿಚಾರಿಸಿ ಹೋದ.

ಸೋಮವಾರ ಮೋಡದೊಳಗೆ ಯಂತ್ರ ಕೂಗಿ ಮುಗಿಸುವಷ್ಟರಲ್ಲಿ ಮೂತಿ ಎದ್ದಿತ್ತು. ಪರೀಕ್ಷಕರು ಕಾಗದದ ಮೇಲೆ ಗೀಟು ಹಾಕಿ, ಹೊರಗೆ ಏನು ಕಂಡಿತು ಎಂದು ಕೇಳಿದರು. ನೋಡಲಿಲ್ಲ ಎಂದಳು. ಅವರು ತಲೆಯಾಡಿಸಿ ಮುಂದಿನ ಪಾಠಕ್ಕೆ ಎಂಜಿನ್ನಿಗೆ ಬೆಂಕಿ ಹಚ್ಚಿದರು.

ಹೊರಬಂದು ಮನೆಗೆ ಫೋನು ಮಾಡಿದಳು.

"ಪಾಸಾದ್ಯಾ?"

"ಆದೆ ಅಪ್ಪಾ."

ಆ ಕಡೆ ಉಸಿರು ಬಿಟ್ಟ ಸದ್ದು. ಅಮ್ಮನಿಗೆ ಕೂಗಿ ಹೇಳಿದ್ದು, ಅಮ್ಮ ದೇವರ ಕೋಣೆಗೆ ಹೋದದ್ದು ಎಲ್ಲ ಕೇಳಿಸಿತು. ಆಮೇಲೆ ತಡೆದು ತಡೆದು ಬಂತು:

"ಅಲ್ಲಾ, ಗುಡ್ಡ ಇತ್ತನೇ ಅಲ್ಲಿ?"

"ಅಪ್ಪಾ, ಅದು ಕೋಣೆ. ಕಂಪ್ಯೂಟರ್."

"ಅದು ಗೊತ್ತು ನಂಗೆ. ಇತ್ತೋ ಇಲ್ವೋ ಅಷ್ಟೇ ಹೇಳು."

ದೀಕ್ಷಾ ಫೋನನ್ನು ಕಿವಿಯಿಂದ ದೂರ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿದಳು.

"ಅಮ್ಮಂಗೆ ಕೊಡು," ಎಂದಳು.