ಮುಡಿಪು ಬಿಚ್ಚಲು ಎದ್ದ ದಿನ

ಹೋದ ವರ್ಷ ಒಂದು ಬೆಳಿಗ್ಗೆ ಗೋರಿಕಾಯಿ ನಾರು ತೆಗೀತಾ ಕೂತಿದ್ದೆ. ತಮ್ಮನ ರಕ್ತದ ರಿಪೋರ್ಟ್ ಚೆನ್ನಾಗಿದೆ ಅಂತ ಆಸ್ಪತ್ರೆಯಿಂದ ಫೋನ್ ಬಂತು. ಮುಂದೆ ನಡೆದದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ದಿನಾ ದೇವರಿಗೆ ದೀಪ ಹಚ್ಚುವವಳೇ, ಆದರೆ ಇಂಥ ಕಥೆಗಳಿಗೆ ನಗುತ್ತಿದ್ದೆ.

ತಮ್ಮನದು ಕಲ್ಯಾಣದುರ್ಗ. ಅವನಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ಅವನ ಬಿಳಿಕಣಗಳನ್ನೇ ತೆಗೆದು, ರೋಗದ ಮೇಲೆ ಬೀಳುವ ಹಾಗೆ ಲ್ಯಾಬಿನಲ್ಲಿ ಬದಲಾಯಿಸಿ, ತಿರುಗಿ ಮೈಗೆ ಏರಿಸಿದರು. ಅವು ಹದ್ದು ಮೀರಿದರೆ ಜ್ವರ ಏರುತ್ತೆ, ಬಿಪಿ ಬೀಳುತ್ತೆ, ಬುದ್ಧಿ ಕಲಸುತ್ತೆ, ಜೀವಕ್ಕೂ ಅಪಾಯ ಅಂತ ಡಾಕ್ಟರೇ ಹೇಳಿದ್ದರು. ಇದು ಅವನ ಮೈಗೆ ಒಗ್ಗುತ್ತೋ ಇಲ್ಲವೋ ಅಂತ ನನಗೆ ಆಗಲೇ ಅನುಮಾನ. ಅವನ ಊರು ದೂರವೆಂದು ಗಂಡ ಹೆಂಡತಿ ಇಬ್ಬರನ್ನೂ ಹಿಂದೂಪುರದ ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಬುದ್ಧಿ ನೆಟ್ಟಗಿದೆಯಾ ಅಂತ ನೋಡಲು ದಿನಾ ಅವನ ಕೈಲಿ ಒಂದೇ ವಾಕ್ಯ ಬರೆಸಬೇಕಿತ್ತು. ಬರಹ ಕೆಟ್ಟರೆ ಕೂಡಲೇ ಕರೆತರಬೇಕು ಅಂದಿದ್ದರು ಡಾಕ್ಟರು. ‘ನಮ್ಮೂರು ಕಲ್ಯಾಣದುರ್ಗ’ ಅಂತ ಬರೆದು, “ಆವಾಗ್ಲೇ ಹಿಂಗೆ ಬರ್ದಿದ್ರೆ ಕಲೆಕ್ಟರ್ ಆಗ್ಬುಡ್ತಿದ್ದೆ ಕಣಕ್ಕ” ಅನ್ನುತ್ತಿದ್ದ.

ಅವನಿಗೋಸ್ಕರ ನಾನೊಂದು ಮುಡಿಪು ಕಟ್ಟಿದ್ದೆ. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ, ಗುಣವಾದ ಮೇಲೆ ಬಿಚ್ಚಿ ದೇವರಿಗೆ ಒಪ್ಪಿಸುವುದು. ಮನೆಯವರು ಆಡಿಕೊಳ್ಳುತ್ತಾರೆಂದು ಯಾರಿಗೂ ಹೇಳದೆ ರಾಗಿ ಡಬ್ಬದಲ್ಲಿ ಹುದುಗಿಸಿದ್ದೆ. ಫೋನ್ ಇಟ್ಟವಳೇ ಬಿಚ್ಚೋಣ ಅಂತ ಎದ್ದೆ. ಅಷ್ಟರಲ್ಲಿ ತಮ್ಮ ನೋಟ್‌ಬುಕ್ ಚಾಚಿದ. ಸೊಟ್ಟ ಅಕ್ಷರದಲ್ಲಿ, ‘ಅಕ್ಕ ಗಂಟು ಬಿಚ್ಚಬೇಡ’ ಅಂತಿತ್ತು.

“ಯಾವ ಗಂಟೋ?” ಅಂದೆ.

“ಊರ ಹೆಸ್ರೇ ಬರ್ದಿವ್ನಲ್ಲಕ್ಕ.”

ಕೈ ಮುಟ್ಟಿದರೆ ಕೆಂಡ. ಮಧ್ಯಾಹ್ನದೊಳಗೆ ಬೆಂಗಳೂರು ಸೇರಿಸಿದೆವು. ಮೂರು ದಿನ ಹೆಂಡತಿಯ ಗುರುತೂ ಹತ್ತಲಿಲ್ಲ ಅವನಿಗೆ. ಆಮೇಲೆ ಜ್ವರ ಔಷಧಿಗೆ ಬಗ್ಗಿತು. ಅಮ್ಮನವರ ದಯೆ, ಹೊತ್ತಿಗೆ ಸರಿಯಾಗಿ ಕಾರು ಸಿಕ್ಕಿತ್ತು.

ಮಿದುಳು ಕಲಸಿದಾಗ ಏನೇನೋ ಬರೀತಾರೆ ಅಂದರು ಡಾಕ್ಟರು. ಇರಬಹುದು. ಆದರೆ ಅದನ್ನೇ ಯಾಕೆ ಬರೆದ? ತಮ್ಮನಿಗೆ ಬರೆದ ನೆನಪೇ ಇಲ್ಲ. ಮನೆಗೆ ಬಂದ ದಿನ, ನನ್ನನ್ನು ವದಿನಾ ಅಂತ ಕರೆಯುವ ತಮ್ಮನ ಹೆಂಡತಿಯನ್ನೇ ಕೇಳಿಬಿಟ್ಟೆ, ನನ್ನ ಡಬ್ಬ ತಡಕಿದ್ದೆಯಾ ಅಂತ.

“ಗಂಡ ಸಾಯ್ತಿದ್ರೆ ನಿಮ್ ರಾಗಿ ಡಬ್ಬ ನೋಡ್ಕಂತ ಕೂತಿದ್ನಾ ವದಿನಾ?” ಅಂದಳು.

ಆದರೂ, ಸುಳ್ಳೇಕೆ ಹೇಳಲಿ, ಅವಳ ಮೇಲಿನ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ಅವಳಲ್ಲದಿದ್ದರೆ ಮತ್ತೆ ಯಾರು ಅಂತ ಯೋಚಿಸಲು ಭಯ. ಅವತ್ತು ಸುಮ್ಮನೆ ಹಿತ್ತಿಲಿಗೆ ಹೋಗಿ, ಬಿಸಿನೀರಿಗೆ ಹಾಕಿದ್ದ ತಮ್ಮನ ದುಪ್ಪಟಿ ಒಗೆಯೋಕೆ ಕೂತೆ.