ಸುಣ್ಣದ ಡಾಕ್ಟರು

ನನ್ನ ತಮ್ಮನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಸುಣ್ಣದ ಡಾಕ್ಟರು. ಅವನು ಡಾಕ್ಟರೂ ಅಲ್ಲ, ಅವನು ಹಚ್ಚುತ್ತಿದ್ದುದು ಸುಣ್ಣವೂ ಅಲ್ಲ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವುದು ಅವನ ಕೆಲಸ. ಮೂಳೆ ಡಾಕ್ಟರು ಮುರಿದ ತುದಿಗಳನ್ನು ಕೂಡಿಸಿ, 'ಹ್ಞೂಂ, ಹಾಕು' ಎಂದು ಹೇಳಿ ಹೋದ ಮೇಲೆ ಉಳಿದದ್ದೆಲ್ಲ ಇವನ ಪಾಲು. ಉಗುರುಬೆಚ್ಚನೆ ನೀರಿನ ಬಕೆಟ್ಟಿನಲ್ಲಿ ಪಟ್ಟಿಯ ಸುರುಳಿ ಅದ್ದುತ್ತಿದ್ದ. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ, ಮೆಲ್ಲಗೆ ಹಿಂಡಿ, ಹತ್ತಿಯ ಮೇಲೆ ಸುತ್ತುತ್ತ ಅಂಗೈಯಿಂದ ಸವರುತ್ತಿದ್ದ. ಬೆರಳಿನಿಂದ ಒತ್ತಿದರೆ ಅಲ್ಲಿ ಗುಂಡಿ ಬಿದ್ದು ಒಳಗೆ ಚರ್ಮಕ್ಕೆ ಒತ್ತುತ್ತದಂತೆ, ಅಂಗೈಯೇ ಆಗಬೇಕಂತೆ. ಇದನ್ನು ನನಗೆ ಸಾವಿರ ಸಲ ಹೇಳಿದ್ದಾನೆ. ಊಟಕ್ಕೆ ಕೂತಾಗಲೂ ಹುಬ್ಬಿನಲ್ಲಿ ಬಿಳಿ ಪುಡಿ ಇರುತ್ತಿತ್ತು. 'ಸ್ನಾನ ಮಾಡಿದ್ಯೋ, ಬರೀ ನೀರಿಗೆ ಮುಖ ತೋರಿಸಿ ಬಂದ್ಯೋ?' ಎಂದು ರೇಗಿಸುತ್ತಿದ್ದೆ.

ನಾನು ಅವನ ಅಕ್ಕ. ಅದೇ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಮೂವತ್ತು ವರ್ಷ ಹರಿದ ಹೊದಿಕೆಗಳಿಗೆ ತೇಪೆ ಹಾಕಿದವಳು. ನನಗೆ ಮದುವೆಯಾಗಲಿಲ್ಲ. ಅವನ ಹೆಂಡತಿ ಬೇಗ ತೀರಿಕೊಂಡಳು, ಮಕ್ಕಳಿಲ್ಲ. ಹೀಗಾಗಿ ಎರಡು ಕೋಣೆಯ ಮನೆಯಲ್ಲಿ ಒಬ್ಬರ ಮೇಲೊಬ್ಬರು ಗೊಣಗಿಕೊಂಡು ಕಾಲ ಹಾಕುತ್ತಿದ್ದೆವು. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನನ್ನ ತಮ್ಮ ಬಾಯಿಗೆ ಬೀಗ ಹಾಕಿಕೊಂಡವನು, ಅವನ ಪರವಾಗಿ ಯಾರಾದರೂ ಮಾತಾಡಲೇಬೇಕಲ್ಲ.

ಅವನಿಗೆ ತನ್ನ ಕೈಯ ಬಗ್ಗೆ ಎಷ್ಟು ಹೆಮ್ಮೆಯೋ ಗಂಟಲಿನ ಬಗ್ಗೆಯೂ ಅಷ್ಟೇ. ಚರ್ಚಿನ ಗಾಯಕರ ತಂಡದಲ್ಲಿ ತಗ್ಗಿನ ದನಿ ಅವನದು. ಕ್ರಿಸ್ಮಸ್ ಹತ್ತಿರ ಬಂದರೆ ದಿನವೂ ಸಂಜೆ ಅಭ್ಯಾಸ. ಒಂದು ದಿನ ತಪ್ಪಿಸಿದರೂ ಲೋಕವೇ ಮುಳುಗಿಹೋಗುತ್ತದೆ ಎಂಬಂತೆ ಓಡುತ್ತಿದ್ದ.

ಅಂಥದ್ದೇ ಒಂದು ಡಿಸೆಂಬರ್. ಹಬ್ಬಕ್ಕೆ ಇನ್ನು ಎರಡು ವಾರವಿತ್ತು. ಹತ್ತು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲಿನಿಂದ ಜಾರಿ ಬಿದ್ದು, ಬಲ ಮೊಣಕೈಯ ಹತ್ತಿರ ಮೂಳೆ ಮುರಿದುಕೊಂಡು ಬಂದಳು. ಮಧ್ಯಾಹ್ನ ನನ್ನ ತಮ್ಮನೇ ಪ್ಲಾಸ್ಟರ್ ಹಾಕಿ ಕಳಿಸಿದ. ಸಂಜೆ, ಅವನು ಅಂಗಿ ಬದಲಿಸಿ ಹೊರಡುವ ಹೊತ್ತಿಗೆ, ತಾಯಿ ಮಗಳನ್ನು ಮತ್ತೆ ಕರೆದುಕೊಂಡು ಬಂದಳು.

'ತುಂಬಾ ನೋಯುತ್ತೆ ಅಂತಾಳೆ. ಒಂದು ಸಲ ನೋಡ್ತೀರಾ?'

'ಹೊಸ ಪ್ಲಾಸ್ಟರ್ ಅಲ್ವಾ, ಬಿಗಿ ಅನ್ಸುತ್ತೆ. ಕೈ ಎತ್ತಿ ಇಟ್ಕೊಳ್ಳಿ. ನಾಳೆ ಹೊತ್ತಿಗೆ ಸರಿಹೋಗುತ್ತೆ.'

'ನೋಯ್ತಾ ಇದೆ ಅಂಕಲ್' ಎಂದಳು ಹುಡುಗಿ.

'ಇಷ್ಟಕ್ಕೆಲ್ಲ ಅಳ್ತಾರೇನಮ್ಮಾ?' ಎಂದು ಕೆನ್ನೆ ತಟ್ಟಿ ಹೊರಟುಬಿಟ್ಟ.

ಅವಳ ಉಗುರು ಒತ್ತಿ, ರಕ್ತ ಮರಳುತ್ತದೆಯೋ ಇಲ್ಲವೋ ನೋಡಬೇಕಿತ್ತು. ಕಣ್ಣು ಮಿಟುಕಿಸುವಷ್ಟರ ಕೆಲಸ, ದಿನಕ್ಕೆ ಇಪ್ಪತ್ತು ಸಲ ಮಾಡುವವನು. ಅಂದು ಮಾತ್ರ ಮಾಡಲಿಲ್ಲ. ಅವರು ಅವನ ಮಾತು ನಂಬಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಬಂದಾಗ ಬೆರಳುಗಳು ಊದಿ, ಕಪ್ಪಾಗಿ, ತಣ್ಣಗಿದ್ದವು. ಪ್ಲಾಸ್ಟರನ್ನು ಅವನೇ ಕತ್ತರಿಸಿದ. ಡಾಕ್ಟರು ಆಪರೇಷನ್ ಮಾಡಿ ಕೈ ಉಳಿಸಿದರು. ಆದರೆ ಒಳಗಿನ ಸ್ನಾಯು ಸೆಟೆದು ಬೆರಳುಗಳು ಅಂಗೈಗೆ ಮಡಚಿಕೊಂಡೇ ಉಳಿದವು.

ವಿಚಾರಣೆಯೂ ನಡೆಯಿತು. ಊತ ಯಾರೂ ಊಹಿಸದಷ್ಟು ಬೇಗ ಬಂತು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಬರೆದು ಎಲ್ಲರೂ ಕೈ ತೊಳೆದುಕೊಂಡರು. 'ಯಾರ ತಪ್ಪೂ ಅಲ್ವಂತೆ ಅಕ್ಕ' ಎಂದು ನನ್ನ ತಮ್ಮ ನಕ್ಕ. ಆ ನಗು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಆಮೇಲೆ ಅವನು ಪ್ಲಾಸ್ಟರ್ ಕೋಣೆಗೆ ಕಾಲಿಡಲಿಲ್ಲ. ಬೇಡಿಕೊಂಡು ಉಗ್ರಾಣಕ್ಕೆ ವರ್ಗ ಮಾಡಿಸಿಕೊಂಡ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹತ್ತಿಯ ಕಟ್ಟು, ಕೈಗವಸಿನ ಪೆಟ್ಟಿಗೆಗಳ ನಡುವೆ ಸಂಜೆಯವರೆಗೆ ಕೂತಿರುತ್ತಿದ್ದ. ಚರ್ಚನ್ನೂ ಬಿಟ್ಟ. ನಾನು ಬೈದೆ, ಅತ್ತೆ, ಎರಡು ದಿನ ಅಡುಗೆ ಮಾಡದೆ ಮಲಗಿದೆ. ಅವನೇ ಅಡುಗೆ ಮಾಡಿ ನನಗೆ ಬಡಿಸಿದ. ಕೊನೆಗೆ ಒಂದೇ ಒಂದು ಸಲ ಬಾಯಿ ಬಿಟ್ಟ: 'ಹಾಡೋ ಅವಸರದಲ್ಲಿ ಒಂದು ಮಗುವಿನ ಕೈ ಹಾಳು ಮಾಡ್ದೆ. ಅದೇ ದೇವರ ಮುಂದೆ ನಿಂತು ಮತ್ತೆ ಹಾಡ್ಲಾ?'

ಮಾತಿನಿಂದ ಆಗದಿದ್ದರೆ ನಾನು ಉಪಾಯ ಹುಡುಕುತ್ತೇನೆ.

ವರ್ಷ ತಿರುಗಿ ಮತ್ತೆ ಡಿಸೆಂಬರ್ ಬಂತು. ಚರ್ಚಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ನೆನಪಿಗೆ ಕಟ್ಟುವ ಗೋದಲಿಗೆ ಇಡುವ ಬೊಂಬೆಗಳನ್ನು ಒರೆಸುವುದು ನನ್ನ ಪಾಳಿ. ಆ ಬೊಂಬೆಗಳಲ್ಲಿ ಏನು ಮುರಿದರೂ ಪ್ಲಾಸ್ಟರ್ ಮೆತ್ತಿ ಸರಿಮಾಡುತ್ತಿದ್ದವನು ನನ್ನ ತಮ್ಮ. ಆ ವರ್ಷ, ನನ್ನ ದುರದೃಷ್ಟಕ್ಕೆ, ಒಂದೂ ಮುರಿದಿರಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಕುರಿಯ ಕಾಲು ಮುರಿದೆ. ದೇವರು ಕ್ಷಮಿಸಲಿ, ಕುರಿ ಬಹಳ ಗಟ್ಟಿಯಿತ್ತು. ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು, 'ಪಾಪ, ಕಪಾಟಿನಿಂದ ಬಿತ್ತು ಕಣೋ, ಸ್ವಲ್ಪ ಅಂಟಿಸಿಕೊಡು' ಎಂದೆ.

ಅವನು ಕಾಲನ್ನು ಬೆಳಕಿಗೆ ಹಿಡಿದು ನೋಡಿದ. 'ಇದು ಬಿದ್ದು ಮುರಿದದ್ದಲ್ಲ. ಬಿದ್ದಿದ್ರೆ ಅಡ್ಡಕ್ಕೆ ಮುರೀತಿತ್ತು. ಇದು ತಿರುಚಿ ಮುರಿದದ್ದು' ಎಂದ. ಆಮೇಲೆ ನನ್ನ ಮುಖ ನೋಡಿ, 'ನಾಟಕ ಸಾಕಕ್ಕ' ಎಂದು ಕುರಿಯನ್ನು ನನ್ನ ಕೈಗೇ ಕೊಟ್ಟ.

ಮೂರು ಕಾಲಿನ ಕುರಿಯನ್ನು ಹಿಡಿದುಕೊಂಡು ಪಾದ್ರಿಗಳ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ನಮ್ಮ ಪಾದ್ರಿಗಳಿಗೆ ಉಬ್ಬಸ. ಎರಡು ವಾಕ್ಯಕ್ಕೊಮ್ಮೆ ಉಸಿರಿಗಾಗಿ ನಿಲ್ಲುತ್ತಾರೆ. ಅವರ ಉಪದೇಶ ಚಿಕ್ಕದಿರುವುದಕ್ಕೆ ಭಕ್ತಿಗಿಂತ ಇದೇ ಕಾರಣ. ಮುಂದಿನ ಭಾನುವಾರ ಮಧ್ಯಾಹ್ನ ಅವರೇ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು, ಉಸಿರು ತಹಬಂದಿಗೆ ಬರುವವರೆಗೆ ಸುಧಾರಿಸಿಕೊಂಡರು. ನಂತರ ತಮ್ಮನಿಗೆ ಹೇಳಿದರು: 'ದೇವರು ತನ್ನ ಮಗನನ್ನ ಮನುಷ್ಯರ ಕೈಗೆ ಕೊಟ್ಟ. ಹಬ್ಬ ಅಂದ್ರೆ ಅಷ್ಟೇ ಕಣಯ್ಯ. ಈ ಕೈಗಳು ಎಂಥವು ಅಂತ ಅವನಿಗೆ ಗೊತ್ತಿರಲಿಲ್ವಾ?'

'ಕೊಟ್ಟು ಏನಾಯ್ತು ಫಾದರ್? ಮೊಳೆ ಹೊಡೆದ್ರು' ಎಂದ ನನ್ನ ತಮ್ಮ.

'ಹೊಡೆದ್ರು. ಹೌದು. ಆದ್ರೂ ಈ ಕೈಗಳು ಬೇಡ ಅಂತ ಅವನು ಹೇಳಲಿಲ್ಲ. ಇವಕ್ಕೇ ಮತ್ತೆ ಕೆಲಸ ಕೊಟ್ಟ.' ಪಾದ್ರಿಗಳು ಮತ್ತೆ ಉಸಿರೆಳೆದುಕೊಂಡರು. 'ಆ ಮಗುವನ್ನ ಆಮೇಲೆ ನೋಡಿದ್ದೀಯಾ?'

'ಇಲ್ಲ.'

'ಹೋಗಿ ನೋಡು. ನಿನ್ನ ದುಃಖ ಹೇಳ್ಕೊಳ್ಳೋಕಲ್ಲ. ಕೈ ಹೇಗಿದೆ ಅಂತ ನೋಡೋಕೆ.'

ನಾಲ್ಕನೆಯ ದಿನ ಕೆಲಸ ಮುಗಿಸಿ ಬಂದವನು, 'ನೀನೂ ಬಾ ಅಕ್ಕ' ಎಂದ.

ಹುಡುಗಿಯ ತಾಯಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಂಗಡಿಯ ಹಿಂದಿನ ಕೋಣೆಯೇ ಮನೆ. ಬಾಗಿಲು ತೆರೆದಿತ್ತು. ಹುಡುಗಿ ಮೇಜಿನ ಮುಂದೆ ನಿಂತು ಎಡಗೈಯಿಂದ ದಿಂಬಿನ ಚೀಲಗಳನ್ನು ಮಡಿಸುತ್ತಿದ್ದಳು. ಬಲಗೈಯನ್ನು ಬಟ್ಟೆ ಜಾರದಂತೆ ಒತ್ತಿಹಿಡಿಯಲು ಮಾತ್ರ ಬಳಸುತ್ತಿದ್ದಳು. ತಾಯಿ ನಮ್ಮನ್ನು ಕಂಡು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಕೂರಿ ಎನ್ನಲಿಲ್ಲ. ನಾನಾಗಿದ್ದರೆ ಪೆಟ್ಟಿಗೆಯನ್ನೇ ಎಸೆಯುತ್ತಿದ್ದೆ.

ನನ್ನ ತಮ್ಮ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಹುಡುಗಿಗೆ ಹೇಳಿದ: 'ಆವತ್ತು ನೀನು ನಿಜ ಹೇಳಿದ್ದೆ. ನಾನು ನಂಬಲಿಲ್ಲ. ತಪ್ಪು ನಂದು.'

ಹುಡುಗಿ ಅವನನ್ನು ನೋಡಲಿಲ್ಲ. ತಾಯಿಯ ಕಡೆ ತಿರುಗಿ, 'ನಾನು ಹೇಳಿದ್ದೆ ಅಲ್ವಾ ಅಮ್ಮ?' ಎಂದಳು. ತಾಯಿ ಬಾಯಿಗೆ ಬಟ್ಟೆ ಒತ್ತಿಕೊಂಡಳು. ವರ್ಷವಿಡೀ ಎಲ್ಲರೂ ಆ ಮಗುವಿಗೆ ಯಾರ ತಪ್ಪೂ ಇಲ್ಲ ಎಂದೇ ಹೇಳುತ್ತ ಬಂದಿದ್ದರು.

'ಮಣಿಕಟ್ಟು ಬಗ್ಗಿಸಿದಾಗ ಬೆರಳು ಸ್ವಲ್ಪ ಬಿಚ್ಕೊಳ್ತಾ ಇದೆ' ಎಂದ ತಮ್ಮ, ದೂರದಿಂದಲೇ. 'ಸ್ನಾಯು ಗಿಡ್ಡ ಆಗಿದೆ, ಪೂರ್ತಿ ಸತ್ತಿಲ್ಲ. ವಾರ ವಾರ ಪಟ್ಟಿ ಕಟ್ಟಿ ಚೂರು ಚೂರು ಹಿಗ್ಗಿಸಬಹುದು.'

'ಡಾಕ್ಟರೂ ಅದನ್ನೇ ಹೇಳಿದ್ರು' ಎಂದಳು ತಾಯಿ. 'ಮೂರು ಸಲ ಕರ್ಕೊಂಡು ಹೋದೆ. ಬಕೆಟ್ ಕಂಡ್ರೆ ಸಾಕು ಕಿರುಚ್ತಾಳೆ. ಯಾರನ್ನೂ ಮುಟ್ಟೋಕೆ ಬಿಡಲ್ಲ. ಇನ್ನು ನಿಮ್ಮನ್ನ ಬಿಡ್ತಾಳಾ? ನಿಮ್ಮನ್ನಾ?'

ನಾವಿಬ್ಬರೂ ಹಿಂತಿರುಗಿದೆವು. ಆ ಭಾನುವಾರ ನನ್ನ ತಮ್ಮ ಚರ್ಚಿಗೆ ಬಂದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ನಿಂತುಕೊಂಡ. ಹಾಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಏನು ಬೇಡುತ್ತಿದ್ದಾನೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಆ ಹುಡುಗಿ ತನ್ನ ಕೈಯನ್ನು ಇನ್ನೊಮ್ಮೆ ಅವನ ಕೈಗೆ ಕೊಡಬೇಕು. ನಾನೂ ಅದನ್ನೇ ಬೇಡಿದೆ.

ಕ್ರಿಸ್ಮಸ್‌ನ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ತಾಯಿ ಮಗಳು ಆಸ್ಪತ್ರೆಗೆ ಬಂದರು. 'ಅವ್ರೇ ಹಾಕೋದಾದ್ರೆ ಬರ್ತೀನಿ ಅಂದ್ಲು' ಎಂದಳಂತೆ ತಾಯಿ. ಮೂಳೆ ಡಾಕ್ಟರು ಕೈ ನೋಡಿ ಒಪ್ಪಿಗೆ ಕೊಟ್ಟು, ಉಗ್ರಾಣದಿಂದ ತಮ್ಮನನ್ನು ಕರೆಸಿದರು. ಅವನು ಹೊಲಿಗೆ ಕೋಣೆಗೆ ಓಡಿ ಬಂದು ನನ್ನನ್ನೂ ಎಳೆದುಕೊಂಡು ಹೋದ.

ಈ ಸಲ ಸುತ್ತಲೂ ಹಾಕುವ ಪ್ಲಾಸ್ಟರ್ ಅಲ್ಲ. ಅಂಗೈ ಕಡೆಗೆ ಮಾತ್ರ ಒಂದು ಹಲಗೆಯಂತೆ ಮಾಡಿ, ಬೆರಳುಗಳನ್ನು ಅದರ ಮೇಲೆ ಆದಷ್ಟು ನೀಡಿಸಿ, ಬಟ್ಟೆಪಟ್ಟಿಯಿಂದ ಕಟ್ಟುವುದು. ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು. ಅವನು ಕೊನೆಯ ಸುತ್ತು ಮುಗಿಸುತ್ತಿದ್ದಂತೆ, 'ನೋಯ್ತಾ ಇದೆ' ಎಂದಳು.

ಅವನು ಕತ್ತರಿ ತೆಗೆದು ಪಟ್ಟಿ ಕತ್ತರಿಸಿ, ಹಸಿ ಪ್ಲಾಸ್ಟರನ್ನು ಬುಟ್ಟಿಗೆ ಹಾಕಿದ. ಹೊಸದು ಅದ್ದಿದ. ಅರ್ಧ ಸುತ್ತುವಷ್ಟರಲ್ಲಿ, 'ನೋಯ್ತಾ ಇದೆ.' ಅದನ್ನೂ ಬಿಚ್ಚಿದ. ಮೂರನೆಯ ಸಲ ಹಲಗೆ ಕೈಗೆ ತಾಗುವ ಮೊದಲೇ ಹೇಳಿದಳು.

'ಸುಳ್ಳು ಹೇಳ್ತಿದ್ದಾಳೆ' ಎಂದು ತಾಯಿ ಎದ್ದು ನಿಂತಳು. 'ಆಟ ಆಡ್ತಿದ್ದೀಯೇನೇ?' ನನಗೂ ಹಾಗೇ ಅನ್ನಿಸಿತ್ತು, ಅವಳ ಮುಖದಲ್ಲಿ ನೋವಿನ ಗೆರೆಯಿರಲಿಲ್ಲ.

'ಬಿಡಿ ಅಮ್ಮ' ಎಂದ ತಮ್ಮ. 'ಅವಳು ನೋಯುತ್ತೆ ಅಂದ್ರೆ ನೋಯುತ್ತೆ.'

ಸುರುಳಿಗಳು ಮುಗಿದವು. ಉಗ್ರಾಣಕ್ಕೆ ಹೋಗಿ ಇನ್ನಷ್ಟು ತಂದ. ಮಧ್ಯಾಹ್ನದ ಊಟದ ಹೊತ್ತು ಕಳೆಯಿತು. ಎದುರಿನ ಚರ್ಚಿನಿಂದ ಮರುದಿನದ ಹಾಡುಗಳ ಅಭ್ಯಾಸ ಕೇಳಿಸುತ್ತಿತ್ತು, ಅವನು ತಲೆ ಎತ್ತಲಿಲ್ಲ. ಆರು ಸಲ ಹಾಕಿದ, ಆರು ಸಲ ತೆಗೆದ. ಏಳನೆಯದಕ್ಕೆ ಹುಡುಗಿ ಏನೂ ಹೇಳಲಿಲ್ಲ. ಪ್ಲಾಸ್ಟರ್ ಬಿಸಿಯಾಗಿ ಗಟ್ಟಿಯಾಗುವವರೆಗೆ ಅವಳ ಕೈ ಅವನ ಎರಡು ಅಂಗೈಗಳ ನಡುವೆ ಇತ್ತು.

ಹೋಗುವಾಗ ತನ್ನ ಕತ್ತರಿಯನ್ನು ಅವಳ ಎಡಗೈಗೆ ಕೊಟ್ಟ. ಚೂಪಿಲ್ಲದ, ಮೊಂಡು ತುದಿಯ ಕತ್ತರಿ. 'ನೋವಾದ್ರೆ ಯಾರನ್ನೂ ಕೇಳಬೇಡ. ನನ್ನನ್ನೂ ಕೇಳಬೇಡ. ನೀನೇ ಬಟ್ಟೆ ಕತ್ತರಿಸಿ ತೆಗೆದುಬಿಡು' ಎಂದ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ. ಆ ಕೈ ಪೂರ್ತಿ ಸರಿಹೋಗಲಿಲ್ಲ. ಒಂದೂವರೆ ವರ್ಷ, ವಾರಕ್ಕೊಮ್ಮೆ ಹೊಸ ಪಟ್ಟಿ. ಈಗ ಅವಳು ಪೆನ್ನು ಹಿಡಿಯುತ್ತಾಳೆ, ಗುಂಡಿ ಹಾಕಿಕೊಳ್ಳುತ್ತಾಳೆ, ಎರಡು ಬೆರಳು ಮಾತ್ರ ಇನ್ನೂ ಮಡಚಿಕೊಂಡೇ ಇವೆ. ನನ್ನ ತಮ್ಮ ಹೊಸ ವರ್ಷಕ್ಕೆ ಪ್ಲಾಸ್ಟರ್ ಕೋಣೆಗೆ ಮರಳಿದ. ಈಗ ಅವನಿಗೆ ಅರವತ್ತು ಹತ್ತಿರ. ಸಂಜೆ ಕೋಣೆಗೆ ಬೀಗ ಹಾಕುವ ಮೊದಲು ಹೊರಗಿನ ಬೆಂಚಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಎರಡು ಸಲ ನೋಡುತ್ತಾನೆ. ಆಮೇಲೆಯೇ ಹಾಡಲು ಹೋಗುವುದು. ದೇವರು ತನಗೆ ಮಾಫಿ ಮಾತ್ರ ಕೊಡಲಿಲ್ಲ, ಕೆಲಸವನ್ನೂ ಕೊಟ್ಟ ಎನ್ನುತ್ತಾನೆ. ನನಗೆ ಅವನ ಭಕ್ತಿಯಲ್ಲಿ ಬಹಳ ಇಷ್ಟವಾಗುವುದು ಈ ಮಾತೇ.

ಆದರೆ ನಾನು ಹೇಳಬೇಕೆಂದಿದ್ದುದು ಆ ಕ್ರಿಸ್ಮಸ್ ಬೆಳಗಿನ ಸಂಗತಿ. ಆರಾಧನೆಗೆ ಇನ್ನೂ ಹತ್ತು ನಿಮಿಷವಿತ್ತು. ಜನ ಹೊಸ ಬಟ್ಟೆ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ನಾನೂ ತಮ್ಮನೂ ಚರ್ಚಿನ ಮೆಟ್ಟಿಲ ಮೇಲಿದ್ದೆವು. ರಸ್ತೆಯ ಆಚೆಯಿಂದ ಆ ತಾಯಿ ಮಗಳ ತೋಳು ಹಿಡಿದು ದರದರನೆ ಎಳೆದುಕೊಂಡು ಬರುವುದು ಕಾಣಿಸಿತು. ಹುಡುಗಿಯ ಬಲಗೈ ಬರಿದಾಗಿತ್ತು. ಪ್ಲಾಸ್ಟರಿನ ಹಲಗೆ ಅವಳ ಎಡಗಂಕುಳಲ್ಲಿತ್ತು.

ತಮ್ಮ ಎರಡು ಮೆಟ್ಟಿಲು ಇಳಿದ. 'ತುಂಬಾ ನೋಯ್ತಾ?' ಎಂದು ಕೇಳಿದ.

'ನೋವೂ ಇಲ್ಲ, ಏನೂ ಇಲ್ಲ!' ಎಂದಳು ತಾಯಿ, ಸಿಟ್ಟಿನಿಂದ. 'ಬೆಳಿಗ್ಗೆ ಎದ್ದು ತಾನೇ ಕತ್ತರಿಸ್ಕೊಂಡು ಕೂತಿದ್ದಾಳೆ. ನೀವೇ ಕೇಳಿ.'

ಹುಡುಗಿ ತಲೆ ತಗ್ಗಿಸಿದಳು. 'ನಾನು ಬೇಕು ಅಂದಾಗ ನಿಜವಾಗ್ಲೂ ಬಿಚ್ಚೋಕೆ ಆಗುತ್ತಾ ಅಂತ ನೋಡ್ದೆ.'

'ಆಯ್ತಾ?'

'ಆಯ್ತು.' ಮಡಚಿದ ಬೆರಳುಗಳ ಆ ಕೈಯನ್ನು ತಾನಾಗಿಯೇ ಅವನ ಮುಂದೆ ಚಾಚಿದಳು. 'ಮತ್ತೆ ಹಾಕಿ.'

ನನ್ನ ತಮ್ಮ ಮೆಟ್ಟಿಲ ಮೇಲೆ ಮಂಡಿಯೂರಿ ಕೂತ. ಹಲಗೆ ಗಟ್ಟಿಯಾಗಿಯೇ ಇತ್ತು, ಬಟ್ಟೆಪಟ್ಟಿ ಮಾತ್ರ ಬೇಕಿತ್ತು. ನಾನು ಆಸ್ಪತ್ರೆಗೆ ಓಡಿ ಒಂದು ಸುರುಳಿ ತಂದೆ. ಆ ವಯಸ್ಸಿನಲ್ಲಿ ಹಾಗೆ ಓಡಿದ್ದು ಅದೇ ಕೊನೆ. ಒಳಗೆ ಹಾಡು ಶುರುವಾಯಿತು. ಅವನು ಮೊಣಕೈಯ ಕೆಳಗಿನಿಂದ ಬೆರಳಿನ ತುದಿಯವರೆಗೆ ಹೂಮಾಲೆ ಕಟ್ಟುವಷ್ಟು ಮೆಲ್ಲಗೆ ಸುತ್ತಿ, 'ಬಿಗಿ ಆಯ್ತಾ?' ಎಂದು ಕೇಳಿದ.

'ಇಲ್ಲ' ಎಂದಳು ಹುಡುಗಿ. 'ಸಡಿಲ ಆಯ್ತು. ಇನ್ನೂ ಸ್ವಲ್ಪ ಬಿಗೀರಿ.'

ವರ್ಷವಿಡೀ ಒಂದು ಹನಿ ಕಣ್ಣೀರು ಹಾಕದಿದ್ದವನು ಅಷ್ಟು ಜನರ ನಡುವೆ ಅತ್ತುಬಿಟ್ಟ. ಪಟ್ಟಿ ಹಿಡಿದಿದ್ದ ಕೈ ಬಿಡುವಂತಿರಲಿಲ್ಲ, ಅವನ ಮುಖವನ್ನು ನಾನೇ ಒರೆಸಿದೆ. ಆವತ್ತು ನಡೆದದ್ದನ್ನು ಇಲ್ಲವಾಗಿಸು ಎಂದು ನಾನು ಎಷ್ಟು ಸಲ ಬೇಡಿದ್ದೆನೋ. ದೇವರು ಅದನ್ನು ಮಾಡಲಿಲ್ಲ. ಅದಕ್ಕೆ ಬದಲು ಇದನ್ನು ಕೊಟ್ಟ, ಮತ್ತು ನನಗೆ ಇದೇ ಸಾಕಾಯಿತು.

'ಎಷ್ಟು ಬಿಗೀಲಿ?' ಎಂದು ತಮ್ಮ ಕೇಳಿದ.

ಹುಡುಗಿ ಎಡಗೈಯ ಎರಡು ಬೆರಳು ಹಿಡಿದು ಇಷ್ಟೇ ಎಂದು ತೋರಿಸಿದಳು. ಅವನು ಅಷ್ಟೇ ಬಿಗಿದ.