ಎಂಟನೇ ಮೆಟ್ಟಿಲು ಕಟ್ಟದ ಬಡಗಿ

ಕೋಟೆ ಕಟ್ಟಿದ ವೀರರ ಕಥೆ ಹೇಳಲು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಒಂದೇ ಒಂದು ಮೆಟ್ಟಿಲನ್ನು ಕಟ್ಟಲಾರೆ ಎಂದ ವೀರನ ಕಥೆ. ಅವನು ನನ್ನ ಸೋದರಮಾವ. ಕಸುಬು ಬಡಗಿತನ, ಅಡ್ಡಹೆಸರು ಮೂಲೆಮಟ್ಟ, ಮೂಲೆ ನೇರವಾಗಿದೆಯೇ ಎಂದು ನೋಡುವ ಅವನ ಸಲಕರಣೆಯದೇ ಹೆಸರು. ಯಾರ ಮನೆಗೆ ಕಾಲಿಟ್ಟರೂ ಯೋಗಕ್ಷೇಮ ವಿಚಾರಿಸುವ ಮೊದಲು ಒಂದು ಕಣ್ಣು ಮುಚ್ಚಿ ಬಾಗಿಲಿನ ಚೌಕಟ್ಟನ್ನು ನೋಡುತ್ತಿದ್ದ. ‘ಸ್ವಲ್ಪ ವಾಲಿದೆ’ ಎಂದನೆಂದರೆ ಆ ಮನೆಯವರ ನೆಮ್ಮದಿ ಹೋಯಿತು. ಆಗ ಮೂವತ್ತು ವರ್ಷದಿಂದ ಅವನು ನಮ್ಮ ಚರ್ಚಿನ ಆಡಳಿತ ನೋಡುವ ಸಭಾಹಿರಿಯನೂ ಆಗಿದ್ದ.

ನಮ್ಮದು ಪ್ರೊಟೆಸ್ಟಂಟ್ ಚರ್ಚು. ಪಾದ್ರಿ ಮೇಲೆ, ಜನ ಕೆಳಗೆ ಎಂಬ ಭೇದ ಬೇಡವೆಂದು ಹಿಂದಿನವರು ಜಗಳವಾಡಿ ಹೊರಬಂದು ಕಟ್ಟಿದ್ದು. ಪಾಸ್ಟರು ನಿಂತು ಉಪದೇಶ ಮಾಡುವ ಪ್ರಸಂಗಪೀಠಕ್ಕೆ ಅವರು ಇಟ್ಟಿದ್ದು ಎರಡೇ ಮೆಟ್ಟಿಲು. ಬರುಬರುತ್ತಾ ಒಂದು ಪದ್ಧತಿ ಬೆಳೆಯಿತು: ಹೊಸ ಪಾಸ್ಟರು ಬಂದರೆ ಪೀಠಕ್ಕೆ ಹೊಸ ಮೆಟ್ಟಿಲು. ದನಿ ದೂರ ಹೋಗಲಿ ಎಂದರು ಒಬ್ಬರು. ದೇವರ ವಾಕ್ಯಕ್ಕೆ ಮರ್ಯಾದೆ ಎಂದರು ಇನ್ನೊಬ್ಬರು. ಮೂರನೆಯವರು ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ. ಹೀಗೆ ಏರಿದ ಐದು ಮೆಟ್ಟಿಲುಗಳನ್ನೂ ಕಟ್ಟಿದವನು ಮಾವ. ಭಾನುವಾರ ಪಾಸ್ಟರು ಏರುವಾಗ ಒಂದು ಮೆಟ್ಟಿಲಾದರೂ ಕಿರ್ ಎನ್ನಲಿ ನೋಡೋಣ ಎಂಬಂತೆ ಮೀಸೆ ತಿರುವುತ್ತಾ ಕೂರುತ್ತಿದ್ದ.

ಹೊಸ ಪಾಸ್ಟರು ಬಂದರು, ಎಂಟನೆಯ ಮೆಟ್ಟಿಲಿನ ಕೆಲಸ ಒಪ್ಪಿಸಿದರು. ಮಾವ ಅಳತೆ ತೆಗೆದುಕೊಂಡು, ಕಿವಿ ಕೇಳದ ನನ್ನ ಅತ್ತೆಯ ಎದುರು ನಿಂತು ಘೋಷಿಸಿದ.

‘ಎಂಟನೇದೂ ನನಗೇ ಕೊಟ್ರು ಕಣೇ! ಈ ಸಲ ಹಿಡ್ಕೊಂಡು ಹತ್ತೋಕೆ ಕಟಾಂಜನ ಬೇರೆ!’

‘ಹಾಗಾದ್ರೆ ರಸ್ತೇಲಿ ನಂಗೊಂದು ಸ್ಟೂಲ್ ಹಾಕ್ಕೊಡಿ’ ಎಂದಳು ಅತ್ತೆ.

‘ರಸ್ತೇಲಿ ಯಾಕೆ?’

‘ಕಿವುಡಿ ಪ್ರಸಂಗ ಹೇಗೆ ಕೇಳ್ತೀನಿ ಅಂದ್ಕೊಂಡಿದೀರಿ? ತುಟಿ ನೋಡಿ. ನೀವು ಮೆಟ್ಟಿಲು ಏರಿಸಿದಾಗೆಲ್ಲ ಪೀಠದ ಮುಂದಿನ ಹಲಗೆ ಅವರ ಬಾಯಿ ಮುಚ್ತು. ಒಂದೊಂದು ಸಲಾನೂ ಎರಡು ಬೆಂಚು ಹಿಂದೆ ಹೋದೆ. ಈಗ ಬಾಗಿಲ ಹತ್ರ ಇದೀನಿ. ಇನ್ನೂ ಹಿಂದೆ ಅಂದ್ರೆ ರಸ್ತೇನೇ.’

ಮಾವ ತಡವರಿಸಿದ. ‘ಮನೆಗೆ ಬೇಗ ಬರೋಕೆ ಅಲ್ಲಿ ಕೂತ್ಕೋತೀಯ ಅಂತ...’

‘ಊರವರ ಬಾಗಿಲೆಲ್ಲ ಅಳೀತೀರಿ. ಕಟ್ಕೊಂಡವಳು ಎಷ್ಟು ದೂರ ಹೋದ್ಲು ಅಂತ ಅಳೀಲಿಲ್ಲ.’

ಮುಂದಿನ ಭಾನುವಾರ ಮಾವ ಕಿವಿಗೆ ಹತ್ತಿ ತುರುಕಿಕೊಂಡು, ಅತ್ತೆ ಮೊದಲು ಕೂರುತ್ತಿದ್ದ ಎರಡನೇ ಬೆಂಚಿನಲ್ಲಿ ಕೂತ. ಮುಕ್ಕಾಲು ಗಂಟೆಯ ಪ್ರಸಂಗದಲ್ಲಿ ಅವನಿಗೆ ದಕ್ಕಿದ್ದು ಪಾಸ್ಟರ ಎರಡು ಹುಬ್ಬು ಮಾತ್ರ.

ವಾರ್ಷಿಕ ಸಭೆಯಲ್ಲಿ ಎದ್ದು ನಿಂತ. ‘ಎಂಟನೇ ಮೆಟ್ಟಿಲು ನಾನು ಕಟ್ಟಲ್ಲ. ಕಟ್ಟಿರೋ ಐದನ್ನೂ ಕೀಳೋಕೆ ಅಪ್ಪಣೆ ಕೊಡಿ’ ಎಂದು ಕಾರಣ ಹೇಳಿದ.

ಪಾಸ್ಟರು ನಕ್ಕರು. ‘ಹಿರಿಯರೇ, ಸುಧಾರಣೆ ಎಲ್ಲ ನಮ್ಮ ಪೂರ್ವಜರು ಯಾವತ್ತೋ ಮಾಡಿ ಮುಗಿಸಿದಾರೆ.’

‘ಅಯ್ಯನವರೇ, ನಮ್ಮಜ್ಜ ಉಳಿ ಮಸೆದಿದ್ದ ಅಂತ ನಾನು ಮಸೀದೇ ಬಿಟ್ಟಿದ್ರೆ ನಿಮ್ಮ ಪೀಠ ಇಲಿ ಕಡಿದ ಹಾಗಿರ್ತಿತ್ತು. ಉಳಿ ದಿನಾ ಮಸೀಬೇಕು. ಚರ್ಚೂ ಅಷ್ಟೇ, ಅಯ್ಯನವರೂ ಅಷ್ಟೇ. ಮೆಟ್ಟಿಲು ಕೇಳಿದೋರು ನೀವು, ಯಾಕೆ ಅಂತ ಒಂದ್ಸಲಾನೂ ಕೇಳದೆ ಕಟ್ಟಿದೋನು ನಾನು. ತಪ್ಪಲ್ಲಿ ನಂದೂ ಪಾಲಿದೆ.’

‘ಮೂಲೆಮಟ್ಟ ತನ್ನನ್ನೇ ಅಳೆದ್ಕೊಂಡ!’ ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ಪಾಸ್ಟರು ನಗಲಿಲ್ಲ. ಮನುಷ್ಯ ಕೆಟ್ಟವರಲ್ಲ, ಎತ್ತರದ ರುಚಿ ಹತ್ತಿತ್ತು, ಅಷ್ಟೆ. ಮಾವನನ್ನು ಪೀಠ ಹತ್ತಿಸಿ ಒಂದು ಕೀರ್ತನೆ ಓದಿಸಿದರು. ತಾವು ಎರಡನೇ ಬೆಂಚಿನಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡರು. ಮಾವ ಸಿಂಹದ ಹಾಗೆ ಗರ್ಜಿಸಿದ. ಮುಗಿದ ಮೇಲೆ ಪಾಸ್ಟರು, ‘ಬರೀ ಹಣೆ ಕಾಣ್ತು. ಕೀಳಿ. ನಾನೂ ಕೈ ಹಾಕ್ತೀನಿ’ ಎಂದರು.

ಕೀಳಲು ಮೂರು ದಿನ ಹಿಡಿಯಿತು. ಪಾಸ್ಟರು ಅಂಗಿಯ ತೋಳು ಮಡಚಿ ಹಾರೆ ಹಿಡಿದರೂ ಮೆಟ್ಟಿಲು ಮಿಸುಕಾಡಲಿಲ್ಲ. ಮಾವ ಬೆವರು ಒರೆಸುತ್ತಾ, ‘ಯಾವ ರಾಕ್ಷಸ ಕಟ್ಟಿದ್ನೋ ಇದನ್ನ!’ ಎಂದು ಬೈಯುತ್ತಿದ್ದ. ಆ ಬೈಗುಳದಷ್ಟು ಹೆಮ್ಮೆಯ ಬೈಗುಳ ನಾನು ಕೇಳಿಲ್ಲ.

ಅತ್ತೆ ಎರಡನೇ ಬೆಂಚಿಗೆ ಬಂದಳು. ಪಾಸ್ಟರು ಆ ವರ್ಷವೇ ಒಂದು ನಿಯಮ ತಂದರು: ಪ್ರತಿ ವಾರ್ಷಿಕ ಸಭೆಯ ಮೊದಲ ಪ್ರಶ್ನೆ, ‘ನಮ್ಮಲ್ಲಿ ಏನು ಸರಿಹೋಗಬೇಕು?’

ಮುಂದಿನ ವರ್ಷ ಆ ಪ್ರಶ್ನೆ ಕೇಳಿದ ಕೂಡಲೇ ಎದ್ದವಳು ಅತ್ತೆ. ಕಿವುಡರ ಸ್ವಭಾವದಂತೆ ಚರ್ಚು ನಡುಗುವ ದನಿಯಲ್ಲಿ ಹೇಳಿದಳು: ‘ಪೀಠ ಇಳೀತು. ಹಿರಿಯರ ಕುರ್ಚಿ? ಮೂರು ವರ್ಷಕ್ಕೊಮ್ಮೆ ಬದಲಾಗ್ಲಿ. ನಮ್ಮನೆಯವರು ಕೂತು ಮೂವತ್ತೊಂದು ವರ್ಷ ಆಯ್ತು!’

ಎಲ್ಲರೂ ಮಾವನ ಮುಖ ನೋಡಿದರು. ಅದು ಕೆಂಪೇರಿತು, ಊದಿಕೊಂಡಿತು. ಆದರೂ ಆ ಮಾತಿಗೆ ಮೊದಲು ಎದ್ದ ಕೈ ಅವನದೇ.

ಮನೆಗೆ ಹೋಗುವ ದಾರಿಯುದ್ದಕ್ಕೂ ಮಾಜಿ ಸಭಾಹಿರಿಯನಾದ ಮಾವ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಿದ: ‘ನನ್ನನ್ನ ಕುರ್ಚಿಯಿಂದ ಇಳಿಸಿದ್ದು ಯಾರು ಗೊತ್ತಾ? ಬೇರೆ ಯಾರಿಗಿದೆ ಆ ಗುಂಡಿಗೆ? ನಮ್ಮನೆಯವಳು! ಎರಡನೇ ಬೆಂಚಲ್ಲಿ ಕೂತು ವರ್ಷವಿಡೀ ಒಂದು ಪ್ರಸಂಗಾನೂ ಬಿಟ್ಟಿಲ್ಲ, ನೋಡಿ!’